ಕಲ್ಲು ಹಾಕಿದ ದಿನ, ನೀರು ಬಂದ ದಿನ

(ಹೋದ ತಿಂಗಳು ನಮ್ಮ ಕಡೆಯ ಕಾಲೇಜೊಂದರಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಮಧ್ಯೆ ದಾರಿ ತಪ್ಪಿದ್ದನ್ನು ಹಾಗೇ ಬಿಟ್ಟಿದ್ದೇನೆ. ಒಂದೆರಡು ಇಸವಿಗಳನ್ನು ಮಾತ್ರ ಮನೆಗೆ ಬಂದು ನೋಡಿ ಸರಿಮಾಡಿದೆ.)

ಎಲ್ಲರಿಗೂ ನಮಸ್ಕಾರ. ಈಗ ತಾನೇ ನನಗೊಂದು ಹಾರ ಹಾಕಿದಿರಿ, ಸಂತೋಷ. ಅದನ್ನು ಇಲ್ಲೇ ಮೇಜಿನ ಮೇಲೆ ಇಟ್ಟಿರುತ್ತೇನೆ. ಯಾಕೆಂದರೆ ಇವತ್ತಿನ ಮಾತಿನಲ್ಲಿ ಒಂದು ಹಾರದ ಕಥೆ ಬರುತ್ತದೆ, ಆ ಹಾರ ಒಬ್ಬ ಹುಡುಗಿಯ ಬದುಕನ್ನೇ ಬುಡಮೇಲು ಮಾಡಿತು. ಅಲ್ಲಿಗೆ ಆಮೇಲೆ ಬರುತ್ತೇನೆ.

ನಮ್ಮ ಭಾಷೆಯಲ್ಲಿ ಈ ಸಮಾರಂಭಗಳಿಗೆ ಎಷ್ಟೊಂದು ಹೆಸರು ನೋಡಿ. ಗುದ್ದಲಿ ಪೂಜೆ, ಅಡಿಗಲ್ಲು, ಶಂಕುಸ್ಥಾಪನೆ, ಉದ್ಘಾಟನೆ, ಈಚೆಗೆ ಲೋಕಾರ್ಪಣೆ. ಜನ ಮಾತ್ರ ಸುಮ್ನೆ 'ಕಲ್ಲು ಹಾಕಿದರು' ಅನ್ನುತ್ತಾರೆ. ಕಲ್ಲು ಹಾಕುವುದು ಅಂದರೆ ನಮ್ಮಲ್ಲಿ ಎರಡು ಅರ್ಥ, ನಿಮಗೆ ಗೊತ್ತು. ಕೆಲಸ ಶುರು ಮಾಡುವುದಕ್ಕೂ ಅದೇ ಮಾತು, ಇನ್ನೊಬ್ಬರ ಹೊಟ್ಟೆಯ ಮೇಲೆ ಹಾಕುವುದಕ್ಕೂ ಅದೇ ಮಾತು. ಅಣೆಕಟ್ಟಿನ ವಿಷಯದಲ್ಲಿ ಎರಡು ಅರ್ಥವೂ ಒಂದೇ ಕಲ್ಲಿನಲ್ಲಿ ಕೂತಿರುತ್ತವೆ.

ಇವತ್ತು ಮುಖ್ಯವಾಗಿ ನೆಹರೂ ಬಗ್ಗೆ ಮಾತಾಡುತ್ತೇನೆ. ಅಣೆಕಟ್ಟಿನ ಸಮಾರಂಭಗಳಿಗೆ ಅವರಷ್ಟು ಓಡಾಡಿದ ಪ್ರಧಾನಿ ನಮ್ಮಲ್ಲಿ ಇನ್ನೊಬ್ಬರಿಲ್ಲ. 1948ರಲ್ಲಿ ಒಡಿಶಾದ ಹಿರಾಕುಡ್. 1953ರಲ್ಲಿ ದಾಮೋದರ ಕಣಿವೆಯ ತಿಲೈಯಾ. 1954ರಲ್ಲಿ ನಂಗಲ್ ಕಾಲುವೆ. 1955ರ ನವೆಂಬರ್ 17ಕ್ಕೆ ಭಾಕ್ರಾ, ನಾಲ್ಕು ವಾರ ಕಳೆಯುವುದರೊಳಗೆ ಡಿಸೆಂಬರ್ 10ಕ್ಕೆ ಕೃಷ್ಣಾ ನದಿಯ ಮೇಲೆ ನಾಗಾರ್ಜುನ ಸಾಗರ. 1957ರಲ್ಲಿ ಮತ್ತೆ ಹಿರಾಕುಡ್, ಅದೇ ವರ್ಷ ಮೈಥಾನ್. 1959ರಲ್ಲಿ ಪಂಚೇತ್. 1961ರಲ್ಲಿ ನರ್ಮದೆ. 1963ರ ಅಕ್ಟೋಬರ್‌ನಲ್ಲಿ ಮತ್ತೆ ಭಾಕ್ರಾ, ಆಗ ಅವರ ಆರೋಗ್ಯ ಕೆಟ್ಟಿತ್ತು, ಇನ್ನು ಏಳೇ ತಿಂಗಳು ಬದುಕಿದ್ದರು.

ಈ ಪಟ್ಟಿಯಲ್ಲಿ ಹಿರಾಕುಡ್ ಎರಡು ಸಲ ಬಂತು ಅಲ್ವಾ? ನಿಜ ಹೇಳಬೇಕೆಂದರೆ ಅಲ್ಲಿ ಸಮಾರಂಭ ಆದದ್ದು ಮೂರು ಸಲ. 1946ರ ಮಾರ್ಚ್‌ನಲ್ಲಿ ಬ್ರಿಟಿಷ್ ಗವರ್ನರ್ ಬಂದು ಅಡಿಗಲ್ಲು ಹಾಕಿ ಹೋದರು. ಸ್ವಾತಂತ್ರ್ಯ ಬಂದ ಮೇಲೆ 1948ರ ಏಪ್ರಿಲ್ 12ಕ್ಕೆ ನೆಹರೂ ಬಂದು ಮೊದಲ ಕಾಂಕ್ರೀಟ್ ಹಾಕಿದರು. 1957ರ ಜನವರಿಯಲ್ಲಿ ಅವರೇ ಬಂದು ಉದ್ಘಾಟನೆ ಮಾಡಿದರು. ಹಳೆಯ ದೊರೆ ಹಾಕಿದ ಕಲ್ಲು ಹೊಸ ದೇಶಕ್ಕೆ ನಡೆಯುವುದಿಲ್ಲ. ನಮ್ಮ ತುಂಗಭದ್ರಾದಲ್ಲಂತೂ 1945ರ ಫೆಬ್ರವರಿ 28ರಂದು ನದಿಯ ಒಂದು ದಂಡೆಯಲ್ಲಿ ಹೈದರಾಬಾದ್ ನಿಜಾಮರ ಮಗ, ಇನ್ನೊಂದು ದಂಡೆಯಲ್ಲಿ ಮದ್ರಾಸಿನ ಗವರ್ನರ್, ಒಂದೇ ದಿನ ಎರಡು ಕಲ್ಲು. ನದಿ ಒಂದೇ, ದೊರೆಗಳು ಇಬ್ಬರು, ಏನು ಮಾಡುತ್ತೀರಿ!

ಹಿರಾಕುಡ್‌ನಲ್ಲಿ 1948ರಲ್ಲಿ ನೆಹರೂ ಆಡಿದ ಒಂದು ಮಾತನ್ನು ಇವತ್ತಿಗೂ ಅಣೆಕಟ್ಟು ವಿರೋಧಿಸುವವರು ನೆನಪಿಸುತ್ತಾರೆ. ಊರು ಬಿಡಬೇಕಾದ ಜನರಿಗೆ ಅವರು ಹೇಳಿದ್ದು ಹೆಚ್ಚುಕಡಿಮೆ ಹೀಗೆ: ಕಷ್ಟ ಪಡಲೇಬೇಕು ಅಂತಾದರೆ ದೇಶಕ್ಕಾಗಿ ಪಡಿ. ಆ ಕಾಲಕ್ಕೆ ಅದು ಕ್ರೂರವಾಗಿ ಕೇಳಿಸಿರಲಿಕ್ಕಿಲ್ಲ. ಜೈಲಿನಲ್ಲಿ ವರ್ಷಗಟ್ಟಲೆ ಇದ್ದು ಬಂದ ಮನುಷ್ಯ ಆಡಿದ ಮಾತು ಅದು, ತಾನೂ ಕಷ್ಟಪಟ್ಟೆ ಅನ್ನುವ ಹಕ್ಕಿನಿಂದ ಆಡಿದ್ದು. ಆದರೆ ಜೈಲಿಗೆ ಹೋದವರು ಹೊರಗೆ ಬಂದರು. ಹಿರಾಕುಡ್‌ನಲ್ಲಿ ಮುಳುಗಿದ ಇನ್ನೂರಕ್ಕೂ ಹೆಚ್ಚು ಹಳ್ಳಿಗಳು ಹೊರಗೆ ಬರಲಿಲ್ಲ.

ಇನ್ನು ಭಾಕ್ರಾ. 'ಅಣೆಕಟ್ಟುಗಳು ಆಧುನಿಕ ಭಾರತದ ದೇವಾಲಯಗಳು' ಅನ್ನುವ ವಾಕ್ಯ ನಮ್ಮ ಸಮಾಜ ವಿಜ್ಞಾನದ ಪುಸ್ತಕದಿಂದ ಹಿಡಿದು ಪರೀಕ್ಷೆಯ ಒಂದು ಅಂಕದ ಪ್ರಶ್ನೆಯವರೆಗೆ ಬಂದಿದೆ. ಅದು ಹುಟ್ಟಿದ್ದು ಇಲ್ಲೇ. 1954ರ ಜುಲೈ 8ರಂದು, ಭಾಕ್ರಾ ಯೋಜನೆಯದೇ ಭಾಗವಾದ ನಂಗಲ್‌ನಲ್ಲಿ ಕಾಲುವೆಗೆ ನೀರು ಬಿಡುವ ದಿನ ನೆಹರೂ ಮಾತಾಡಿದರು. ಸಾವಿರ, ಲಕ್ಷ ಜನ ದುಡಿದು ಬೆವರು ರಕ್ತ ಸುರಿಸಿದ, ಜೀವವನ್ನೂ ಕೊಟ್ಟ ಜಾಗ ಇದು, ಇದಕ್ಕಿಂತ ದೊಡ್ಡ ಗುಡಿ, ಗುರುದ್ವಾರ, ಮಸೀದಿ ಯಾವುದಿದೆ ಅನ್ನುವ ಅರ್ಥದಲ್ಲಿ. ಇಲ್ಲಿ ಸ್ವಲ್ಪ ನಿಲ್ಲಿ. ಪಠ್ಯಪುಸ್ತಕದ ವಾಕ್ಯದಲ್ಲಿ ಅಣೆಕಟ್ಟೇ ದೇವಾಲಯ. ಆದರೆ ಆ ದಿನದ ಮಾತಿನಲ್ಲಿ ಜಾಗವನ್ನು ಗುಡಿ ಮಾಡಿದ್ದು ಅಲ್ಲಿ ದುಡಿದು ಸತ್ತವರು. ವಾಕ್ಯ ಚಿಕ್ಕದಾದಾಗ ಮೊದಲು ಉದುರಿಹೋದವರು ಕೂಲಿಗಳು.

ಮುಂದಿನ ವರ್ಷ ನವೆಂಬರ್‌ನಲ್ಲಿ ಅವರು ಮತ್ತೆ ಬಂದು ಸಟ್ಲೆಜ್ ನದಿಯ ಒಣಗಿಸಿದ ತಳಕ್ಕೆ ಮೊದಲ ಬಕೆಟ್ ಕಾಂಕ್ರೀಟ್ ಹಾಕಿದರು. ಬಕೆಟ್ ಅಂದರೆ ನಮ್ಮ ಬಚ್ಚಲುಮನೆಯದ್ದಲ್ಲ, ಕ್ರೇನಿನಿಂದ ತೂಗಿ ಬರುವ, ಟನ್‌ಗಟ್ಟಲೆ ಹಿಡಿಯುವ ಉಕ್ಕಿನ ತೊಟ್ಟಿ. ಮೊದಲ ಬಕೆಟ್ ಅಂದಾಗ ಕೆಲಸ ಅವತ್ತು ಶುರುವಾಯಿತು ಅಂದುಕೊಳ್ಳುತ್ತೇವೆ. ಅಲ್ಲ. ಕೆಲಸ ಶುರುವಾಗಿ ಆಗಲೇ ಏಳೆಂಟು ವರ್ಷ ಆಗಿತ್ತು. ನದಿಯನ್ನು ಸುರಂಗದಲ್ಲಿ ತಿರುಗಿಸಬೇಕು, ತಳ ಅಗೆಯಬೇಕು, ಕೊಳೆತ ಬಂಡೆ ತೆಗೆಯಬೇಕು. ಈ ಅಗೆಯುವ ವರ್ಷಗಳಿಗೆ ಫೋಟೋ ಬೆಲೆ ಇಲ್ಲ. ಬಕೆಟ್ ಬಿದ್ದ ಮೇಲಾದರೂ ಎಂಟು ವರ್ಷ ಹಿಡಿಯಿತು. ದೊಡ್ಡ ಕಾಂಕ್ರೀಟ್ ಅಣೆಕಟ್ಟನ್ನು ಗೋಡೆ ಎಬ್ಬಿಸಿದ ಹಾಗೆ ಎಬ್ಬಿಸಲಾಗುವುದಿಲ್ಲ. ಸಿಮೆಂಟ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಅಷ್ಟು ದಪ್ಪದ ಕಾಂಕ್ರೀಟಿನ ಒಳಗಿನ ಬಿಸಿ ಹೊರಗೆ ಬರುವುದಕ್ಕೆ ದಾರಿ ಸಿಗದೆ ಬಿರುಕು ಬಿಡುತ್ತದೆ. ಅದಕ್ಕೇ ತುಂಡು ತುಂಡಾಗಿ ಹಾಕಬೇಕು, ಒಳಗೆ ಪೈಪು ಹೂತು ತಣ್ಣೀರು ಹರಿಸಬೇಕು, ತಣ್ಣಗಾದ ಮೇಲೆ ಮುಂದಿನ ತುಂಡು. ಹೀಗೆ 226 ಮೀಟರ್ ಎತ್ತರ. ಇದನ್ನೆಲ್ಲ ನಡೆಸಿದವರು ಹಾರ್ವೆ ಸ್ಲೋಕಮ್ ಅನ್ನುವ ಅಮೆರಿಕದವರು, ಎಂಜಿನಿಯರಿಂಗ್ ಡಿಗ್ರಿ ಇರಲಿಲ್ಲ, ಕೆಲಸದಲ್ಲೇ ಕಲಿತವರು, ಮಾತು ಬಲು ಖಡಕ್. ಅಣೆಕಟ್ಟು ಮುಗಿಯುವ ಮೊದಲೇ, 1961ರಲ್ಲಿ ತೀರಿಕೊಂಡರು. ಲೋಕಾರ್ಪಣೆಯ ದಿನ ಅವರೂ ವೇದಿಕೆಯ ಮೇಲಿರಲಿಲ್ಲ.

ಈಗ ಒಂದು ತಮಾಷೆ. ಭಾಕ್ರಾದಲ್ಲಿ ಬಕೆಟ್ ಹಾಕಿದ್ದು 1955ರ ನವೆಂಬರ್ 17 ಅಂದೆನಲ್ಲ? ಸರಿಯಾಗಿ ಮೂರು ವರ್ಷಕ್ಕೆ, 1958ರ ಅದೇ ನವೆಂಬರ್ 17ರಂದು, ದೆಹಲಿಯಲ್ಲಿ ನೀರಾವರಿ ಮತ್ತು ವಿದ್ಯುತ್ ಎಂಜಿನಿಯರುಗಳ ವಾರ್ಷಿಕ ಸಭೆಯಲ್ಲಿ ನೆಹರೂ ಬೇರೆಯೇ ರಾಗ ಹಾಡಿದರು. ನಮಗೆ ದೊಡ್ಡದರ ರೋಗ ಬಡಿದಿದೆ, ದೊಡ್ಡದನ್ನು ಕಟ್ಟಬಲ್ಲೆವು ಅಂತ ತೋರಿಸುವುದಕ್ಕಾಗಿಯೇ ದೊಡ್ಡದನ್ನು ಕಟ್ಟುವುದು ಸರಿಯಲ್ಲ, ಬೆರಳೆಣಿಕೆಯ ದೊಡ್ಡ ಯೋಜನೆಗಳಿಗಿಂತ ಸಣ್ಣ ನೀರಾವರಿ, ಸಣ್ಣ ಕೈಗಾರಿಕೆಗಳೇ ದೇಶದ ಮುಖ ಬದಲಿಸುತ್ತವೆ ಅಂತ. ಕೇಳಿಸಿಕೊಂಡವರು ದೊಡ್ಡದನ್ನು ಕಟ್ಟುವುದೇ ಕಸುಬಾಗಿದ್ದ ಎಂಜಿನಿಯರುಗಳು! ಈ ಭಾಷಣ ಯಾವ ಪರೀಕ್ಷೆಯಲ್ಲೂ ಬರುವುದಿಲ್ಲ. ಹಾಗಂತ ನೆಹರೂ ಅಣೆಕಟ್ಟಿನ ಪ್ರವಾಸ ಬಿಟ್ಟರಾ? ಬಿಡಲಿಲ್ಲ. ಪಂಚೇತ್, ನರ್ಮದೆ, ಎರಡೂ ಈ ಭಾಷಣದ ಆಚೆಗಿನವೇ.

ಯಾಕೆ ಬಿಡಲಿಲ್ಲ ಅಂತ ನಾನು ತುಂಬ ದಿನ ಯೋಚಿಸಿದ್ದೇನೆ. ಬರೀ ಪ್ರಚಾರ ಅಂತ ತಳ್ಳಿಹಾಕುವುದು ಸುಲಭ. ಪಂಜಾಬ್ ಹೋಳಾಗಿ ಲಕ್ಷಾಂತರ ಜನ ಬರಿಗೈಲಿ ಈ ಕಡೆ ಬಂದಿದ್ದರು, ಒಳ್ಳೆಯ ಕಾಲುವೆಗಳು ಜಾಸ್ತಿ ಆ ಕಡೆ ಉಳಿದಿದ್ದವು. ದೇಶಕ್ಕೆ ಊಟದ ಕೊರತೆ, 1956ರಿಂದ ಅಮೆರಿಕದ ಗೋಧಿ ಹಡಗಿನಲ್ಲಿ ಬರಬೇಕಿತ್ತು. ಅಂಥ ಹೊತ್ತಿನಲ್ಲಿ, ನೋಡಿ, ಏನೋ ಎದ್ದು ನಿಲ್ಲುತ್ತಿದೆ ಅಂತ ಬೆರಳು ಮಾಡಿ ತೋರಿಸಲಿಕ್ಕೆ ಒಂದು ಬೇಕಿತ್ತು. ಭಾಕ್ರಾದ ನೀರು ಪಂಜಾಬ್, ಹರಿಯಾಣ, ರಾಜಸ್ಥಾನದ ಹೊಲಗಳಿಗೆ ಹೋಯಿತು, ಅದು ಸುಳ್ಳಲ್ಲ. ನಾನು ಅಣೆಕಟ್ಟಿನ ವಿರೋಧಿ ಅಂತ ಯಾರೂ ಬರೆದುಕೊಳ್ಳಬೇಡಿ, ನಮ್ಮ ಮನೆಯ ಊಟವೂ ಕಾಲುವೆ ನೀರಿನದ್ದೇ.

ನನ್ನ ತಕರಾರು ಬೇರೆ. ಅಣೆಕಟ್ಟಿಗೆ ಅಸಲಿಗೆ ಹುಟ್ಟಿದ ದಿನ ಅಂತ ಒಂದಿಲ್ಲ. ಸರ್ವೆ ಒಂದು ವರ್ಷ, ಜಮೀನಿನ ನೋಟೀಸು ಇನ್ನೊಂದು ವರ್ಷ, ನದಿ ತಿರುಗಿಸಿದ್ದು, ಗೇಟು ಕೂರಿಸಿದ್ದು, ಮೊದಲ ಸಲ ನೀರು ನಿಲ್ಲಿಸಿದ್ದು, ಕಾಲುವೆಯ ಕಟ್ಟಕಡೆಯ ಹೊಲಕ್ಕೆ ನೀರು ತಲುಪಿದ್ದು, ಎಲ್ಲ ಬೇರೆ ಬೇರೆ. ನಾಗಾರ್ಜುನ ಸಾಗರಕ್ಕೆ ನೆಹರೂ ಕಲ್ಲು ಹಾಕಿದ್ದು 1955, ಕಾಲುವೆಗೆ ಇಂದಿರಾ ಗಾಂಧಿ ನೀರು ಬಿಟ್ಟದ್ದು 1967ರ ಆಗಸ್ಟ್ 4. ಅಪ್ಪ ಹಾಕಿದ ಕಲ್ಲಿಗೆ ಮಗಳು ನೀರು ಬಿಟ್ಟರು. ಈ ಉದ್ದದಲ್ಲಿ ಎಲ್ಲೋ ಒಂದು ದಿನ ಆರಿಸಿ, ಶಾಮಿಯಾನ ಹಾಕಿ, ಇದೇ ಆ ದಿನ ಅಂತ ಹೇಳುವುದೇ ಸಮಾರಂಭದ ಕೆಲಸ. ಆರಿಸುವವರು ವೇದಿಕೆಯ ಮೇಲಿನವರು. ಕೆಳಗಿನವರಿಗೆ ಅದು ಒಂದು ದಿನದ ಮಾತಲ್ಲ.

ಈಗ ಹಾರಕ್ಕೆ ಬರುತ್ತೇನೆ.

1959ರ ಡಿಸೆಂಬರ್ 6. ದಾಮೋದರ ನದಿಯ ಮೇಲಿನ ಪಂಚೇತ್ ಅಣೆಕಟ್ಟು, ಇವತ್ತಿನ ಜಾರ್ಖಂಡ್ ಮತ್ತು ಪಶ್ಚಿಮ ಬಂಗಾಳದ ಗಡಿಯಲ್ಲಿ. ನೆಹರೂ ಅವರಿಗೆ ಒಂದು ಒಳ್ಳೆಯ ಯೋಚನೆ ಬಂತು. ವ್ಯಂಗ್ಯಕ್ಕೆ ಹೇಳುತ್ತಿಲ್ಲ, ನಿಜವಾಗಿಯೂ ಒಳ್ಳೆಯದು. ಈ ಅಣೆಕಟ್ಟನ್ನು ನಾನಲ್ಲ, ಇಲ್ಲಿ ದುಡಿದವರು ಉದ್ಘಾಟಿಸಲಿ ಅಂದರು. ಸಂತಾಲ ಬುಡಕಟ್ಟಿನ ಬುಧ್ನಿ ಅನ್ನುವ ಹುಡುಗಿ ಅಲ್ಲಿ ಕೂಲಿ. ಹದಿನೈದರ ಆಸುಪಾಸಿನ ವಯಸ್ಸು. ಪ್ರಧಾನಿಯನ್ನು ಸ್ವಾಗತಿಸಲು ಅವಳನ್ನು ಆರಿಸಿದ್ದರು. ಹಬ್ಬದ ಸೀರೆ, ಒಡವೆ, ಕೈಯಲ್ಲಿ ಹಾರ. ಹಾರ ಹಾಕಿದ್ದಾಯಿತು. ಆಮೇಲೆ ನೆಹರೂ ಪಕ್ಕದಲ್ಲಿ ನಿಂತರು, ಬುಧ್ನಿ ಸ್ವಿಚ್ ಒತ್ತಿದಳು. ಫೋಟೋ ಈಗಲೂ ಸಿಗುತ್ತದೆ, ಹುಡುಕಿ ನೋಡಿ. ದೊಡ್ಡವರೆಲ್ಲ ಸುತ್ತ ನಿಂತು ಅವಳ ಕೈಯನ್ನೇ ನೋಡುತ್ತಿದ್ದಾರೆ, ಅವಳ ಕಣ್ಣು ಮಾತ್ರ ಒತ್ತುತ್ತಿರುವ ಗುಂಡಿಯ ಮೇಲೆ.

ಸಂಜೆ ಅವಳು ಊರಿಗೆ ಹೋದಳು. ಊರಿನ ಹಿರಿಯರು ಕೂಡಿದ್ದರು. ಅವರ ರೂಢಿಯಲ್ಲಿ ಹೆಣ್ಣು ಗಂಡಿಗೆ ಹಾರ ಹಾಕಿದರೆ ಮದುವೆ ಆದಂತೆ. ನೀನು ನೆಹರೂಗೆ ಹಾರ ಹಾಕಿದ್ದೀಯ, ಅವರು ನಿನ್ನ ಗಂಡ. ಅವರು ನಮ್ಮ ಜಾತಿಯವರಲ್ಲ, ಹೊರಗಿನವರನ್ನು ಆದವಳಿಗೆ ಊರಲ್ಲಿ ಜಾಗ ಇಲ್ಲ. ಬಹಿಷ್ಕಾರ. ಅಷ್ಟೇ. ನಗು ಬರುತ್ತದೆ ಕೇಳಿದರೆ, ಮೊದಲ ಸಲ ಓದಿದಾಗ ನಾನೂ ನಕ್ಕಿದ್ದೆ. ಆದರೆ ಹಾರದ ಅರ್ಥ ಏನು ಅಂತ ಅಲ್ಲಿ ಮೊದಲೇ ಕೇಳಿ ತಿಳಿದುಕೊಳ್ಳುವ ಪುರುಸೊತ್ತು ಅಷ್ಟು ದೊಡ್ಡ ಸಮಾರಂಭ ಮಾಡಿದವರಿಗೆ ಇರಲಿಲ್ಲ. ದೆಹಲಿಗೆ ಹಾರ ಅಂದರೆ ಶಿಷ್ಟಾಚಾರ, ಇವತ್ತು ನೀವು ನನಗೆ ಹಾಕಿದ ಹಾಗೆ. ಊರಿಗೆ ಹಾರ ಅಂದರೆ ಮದುವೆ.

1962ರಲ್ಲಿ ಅವಳ ಕೆಲಸವೂ ಹೋಯಿತು. ಊರು ಬಿಟ್ಟು ಬೇರೆ ಕಡೆ ಕೂಲಿನಾಲಿ ಮಾಡಿಕೊಂಡು ಬದುಕಿದಳು, ಅಲ್ಲೇ ಒಬ್ಬರ ಆಸರೆ ಸಿಕ್ಕಿತು, ಮಗಳು ಹುಟ್ಟಿದಳು. ಇಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ, ನೆಹರೂ ಮೊಮ್ಮಗ ರಾಜೀವ್ ಗಾಂಧಿ ಪ್ರಧಾನಿ ಆಗಿದ್ದಾಗ, ಅವರನ್ನು ಕಂಡು ಹೇಳಿಕೊಂಡ ಮೇಲೆ ಕೆಲಸ ಮತ್ತೆ ಸಿಕ್ಕಿತು. 2023ರ ನವೆಂಬರ್‌ನಲ್ಲಿ ತೀರಿಕೊಂಡರು. ನೋಡಿ, ಇಷ್ಟು ಹೊತ್ತು 'ಅವಳು' ಅಂತಿದ್ದೆ, ಈಗ 'ತೀರಿಕೊಂಡರು' ಅಂದೆ. ಆ ಫೋಟೋ ನಮ್ಮ ತಲೆಯಲ್ಲಿ ಆಕೆಯನ್ನು ಹದಿನೈದಕ್ಕೇ ನಿಲ್ಲಿಸಿಬಿಟ್ಟಿದೆ.

ನರ್ಮದೆಯದ್ದು ಬೇಗ ಹೇಳಿ ಮುಂದೆ ಹೋಗುತ್ತೇನೆ. 1961ರ ಏಪ್ರಿಲ್ 5ರಂದು ಗುಜರಾತಿನ ನವಾಗಾಂವ್ ಹತ್ತಿರ ನೆಹರೂ ಕಲ್ಲು ಹಾಕಿದರು. ಆಗ ಯೋಚಿಸಿದ್ದು 162 ಅಡಿಯ ಅಣೆಕಟ್ಟು. ಆಮೇಲೆ ರಾಜ್ಯ ರಾಜ್ಯಗಳ ಜಗಳ, ನ್ಯಾಯಮಂಡಳಿ, ಚಳವಳಿ, ಸುಪ್ರೀಂ ಕೋರ್ಟು. 2017ರ ಸೆಪ್ಟೆಂಬರ್ 17ರಂದು, ತಮ್ಮ ಹುಟ್ಟುಹಬ್ಬದ ದಿನ, ನರೇಂದ್ರ ಮೋದಿ ಸರ್ದಾರ್ ಸರೋವರವನ್ನು ದೇಶಕ್ಕೆ ಅರ್ಪಿಸಿದರು. ಅಷ್ಟರಲ್ಲಿ ಎತ್ತರ 138.68 ಮೀಟರ್, ಅಂದರೆ 455 ಅಡಿ. ಕಲ್ಲಿಗೂ ಲೋಕಾರ್ಪಣೆಗೂ ನಡುವೆ 56 ವರ್ಷ. ಎರಡೂ ಪಕ್ಷದವರು ಇದು ನಮ್ಮದು ಅಂತ ಜಗಳ ಆಡಿದ್ದು ಆ ಎರಡು ದಿನಗಳ ಬಗ್ಗೆ. ಸಿಬ್ಬಂದಿಯ ಕಾಲೊನಿಗೆ ಅಂತ 1961ರಲ್ಲೇ ಜಮೀನು ಕೊಟ್ಟ ಕೆವಡಿಯಾ ಕಡೆಯ ಆದಿವಾಸಿಗಳಿಗೆ ಆ 56 ವರ್ಷಗಳೇ ಅಣೆಕಟ್ಟು.

ನಮ್ಮ ಮನೆಯಂಗಳಕ್ಕೆ ಬರೋಣ. ಆಲಮಟ್ಟಿಗೆ ಕಲ್ಲು ಹಾಕಿದವರು ಲಾಲ್ ಬಹಾದೂರ್ ಶಾಸ್ತ್ರಿ, ಜಲಾಶಯಕ್ಕೂ ಅವರದೇ ಹೆಸರು. 'ಆಗಿನ ಪ್ರಧಾನಿ ಶಾಸ್ತ್ರೀಜಿ' ಅಂತ ತುಂಬ ಕಡೆ ಬರೆದಿರುತ್ತಾರೆ. ದಿನಾಂಕ ನೋಡಿ: 1964ರ ಮೇ 22. ಅವತ್ತು ಪ್ರಧಾನಿ ನೆಹರೂ, ಆರೋಗ್ಯ ಕೆಟ್ಟಿತ್ತು ಅಷ್ಟೇ. ಶಾಸ್ತ್ರಿ ಖಾತೆ ಇಲ್ಲದ ಮಂತ್ರಿ. ಐದು ದಿನಕ್ಕೆ, ಮೇ 27ಕ್ಕೆ, ನೆಹರೂ ಹೋದರು. ಜೂನ್ 9ಕ್ಕೆ ಶಾಸ್ತ್ರಿ ಪ್ರಧಾನಿ ಆದರು. ದೊಡ್ಡ ತಪ್ಪೇನಲ್ಲ ಬಿಡಿ. ಆದರೆ ಸಮಾರಂಭಕ್ಕೆ ಪ್ರಧಾನಿಯೇ ಬೇಕು ಅನ್ನುವ ಆಸೆ ನಮಗೆಷ್ಟಿದೆ ಅಂದರೆ, ಹದಿನೆಂಟು ದಿನ ಮುಂಚಿತವಾಗಿಯೇ ಅವರಿಗೆ ಬಡ್ತಿ ಕೊಟ್ಟಿದ್ದೇವೆ! ಆ ಅಣೆಕಟ್ಟು ಲೋಕಾರ್ಪಣೆ ಆದದ್ದು 2006ರ ಆಗಸ್ಟ್ 21ರಂದು, ರಾಷ್ಟ್ರಪತಿ ಅಬ್ದುಲ್ ಕಲಾಂ ಕೈಯಿಂದ. 42 ವರ್ಷ. ಗೇಟನ್ನು 519.6 ಮೀಟರ್‌ನಿಂದ 524.256ಕ್ಕೆ ಎತ್ತರಿಸುವ ಮಾತು ಇನ್ನೂ ನಡೆಯುತ್ತಲೇ ಇದೆ.

ನಮ್ಮಲ್ಲಿ ಇನ್ನೊಂದು ಚೆಂದದ ಪದ್ಧತಿ ಇದೆ, ಬಾಗಿನ. ಕೆರೆಯೋ ಜಲಾಶಯವೋ ತುಂಬಿದರೆ ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ರವಿಕೆ ಕಣ, ಧಾನ್ಯ ಇಟ್ಟು ನೀರಿಗೆ ಬಿಡುವುದು, ತವರಿನವರು ಮಗಳಿಗೆ ಕೊಟ್ಟ ಹಾಗೆ. ಮುಖ್ಯಮಂತ್ರಿ ಯಾರೇ ಇರಲಿ, ಯಾವ ಪಕ್ಷವೇ ಇರಲಿ, ಬಾಗಿನ ತಪ್ಪಿಸುವುದಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ತುಂಬಿತ್ತು, ಬಾಗಿನದ ತಯಾರಿ ನಡೆದಿತ್ತು. ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒಟ್ಟು 33 ಗೇಟು, ಒಂದು ಸರಪಳಿ ಕೈಕೊಟ್ಟಿದ್ದಕ್ಕೆ ನಾಲ್ಕು ಜಿಲ್ಲೆಯ ರೈತರು ಆ ವಾರ ನಿದ್ದೆ ಮಾಡಲಿಲ್ಲ. ವಯಸ್ಸಾದ ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದು, ಹರಿಯುವ ನೀರಿಗೇ ಉಕ್ಕಿನ ಹಲಗೆ ಇಳಿಸಿ ವಾರದೊಳಗೆ ನಿಲ್ಲಿಸಿದರು. ಅಣೆಕಟ್ಟಿಗೆ ಎಪ್ಪತ್ತು ವರ್ಷ ಆಗಿತ್ತು. ಕಲ್ಲು ಹಾಕಲು ಇಬ್ಬರು ದೊರೆಗಳು ಬಂದಿದ್ದರು, ಬಾಗಿನಕ್ಕೆ ಮಂತ್ರಿಗಳ ದಂಡೇ ಬರುತ್ತದೆ. ಸರಪಳಿಗೆ ಗ್ರೀಸ್ ಹಚ್ಚಿದ ದಿನಕ್ಕೆ ಶಾಮಿಯಾನ ಹಾಕಿದ್ದು ನಾನಂತೂ ನೋಡಿಲ್ಲ.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಎದ್ದು, ಸರ್, ಹಾಗಾದರೆ ಸಮಾರಂಭವೇ ಬೇಡವಾ ಅಂತ ಕೇಳಿದಳು. ಬೇಡ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೆ ನಮ್ಮ ಕಾಕಾನ ಮಾತು ಹೇಳಿದೆ.

ಕಾಕಾನ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಹೋಯಿತು. ಬಾಗಲಕೋಟೆ ಕಡೆ ಇದಕ್ಕೆಲ್ಲ ಒಂದೇ ಪದ, ಮುಳುಗಡೆ. ಯಾವ ಊರು ಅಂತ ಕೇಳಿದರೆ 'ನಮ್ದು ಮುಳುಗಡೀ ಊರು' ಅನ್ನುತ್ತಾರೆ. ಕಲ್ಲು ಹಾಕಿದ್ದು ನೆನಪಿದೆಯಾ ಕಾಕಾ ಅಂತ ಒಮ್ಮೆ ಕೇಳಿದ್ದೆ. "ಕಲ್ಲ ಹಾಕಿದಾಗ ನಾ ಸಾಲಿಗೆ ಹೋಗ್ತಿದ್ನೆಪಾ. ನೀರ ಬಂದಾಗ ಮಗಳ ಮದುವಿ ಮಾಡಿದ್ದೆ" ಅಂದರು. ಅಷ್ಟು ವರ್ಷ ಊರಲ್ಲಿ ಯಾರೂ ಮನೆಗೆ ಸುಣ್ಣ ಹಚ್ಚುವ ಮೊದಲು ಎರಡು ಸಲ ಯೋಚಿಸುತ್ತಿದ್ದರಂತೆ. ಹೆಂಗೂ ಮುಳುಗುವುದು ಅಂತ. ಹೊಸ ಕೋಣೆ ಕಟ್ಟಿಸಲಿಲ್ಲ, ಸೋರುವ ಮಾಳಿಗೆಗೆ ಹೊಸ ಮಣ್ಣು ಹಾಕಲಿಲ್ಲ.

ಊರು ಬಿಡುವಾಗ ಏನು ಮಾಡಿದಿರಿ ಅಂದೆ. ಹನಮಪ್ಪನ ಮೂರ್ತಿಯನ್ನು ಕಿತ್ತು, ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಜೋಳದ ಕಣಿಕೆ ಹಾಸಿ, ಅದರ ಮೇಲೆ ಮಲಗಿಸಿಕೊಂಡು ಪುನರ್ವಸತಿ ಕೇಂದ್ರಕ್ಕೆ ತಂದರಂತೆ. ಮುಂದೆ ಡೊಳ್ಳು, ಹಿಂದೆ ಇಡೀ ಊರು ನಡೆದುಕೊಂಡು. ದಾರಿಯಲ್ಲಿ ಎಲ್ಲೂ ಭಾಷಣ ಇಲ್ಲ. ಹೊಸ ಜಾಗದಲ್ಲಿ ಗುಡಿ ಇನ್ನೂ ಕಟ್ಟಿರಲಿಲ್ಲ, ಒಂದು ಬೇವಿನ ಗಿಡದ ಕೆಳಗೆ ಇಳಿಸಿ ಕಾಯಿ ಒಡೆದರು.

ಯಾವ ದಿನ ಅದು ಕಾಕಾ, ತಾರೀಖು ನೆನಪಿದೆಯಾ ಅಂತ ನಾನು ಪೆನ್ನು ತೆಗೆದೆ. ಅವರು ಸ್ವಲ್ಪ ಹೊತ್ತು ಯೋಚಿಸಿದರು.

"ಶನಿವಾರ" ಅಂದರು.